ಮೀಸಲು ತುಪ್ಪ

ತುಪ್ಪ ಕಾಯಿಸುವ ಹೊತ್ತಿನಲ್ಲಿ ಕಮಲಾಪುರದ ಎರ್ರೆಮ್ಮ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಬೆಣ್ಣೆ ಕರಗಿ, ನೊರೆ ಎದ್ದು, ಚಟಚಟ ಸದ್ದು ಮಾಡುತ್ತ, ಆ ಸದ್ದು ಸಣ್ಣಗಾಗುತ್ತ ಬಂದು ನಿಲ್ಲುವ ಒಂದು ಗಳಿಗೆ ಇದೆ. ಅದಕ್ಕೆ ಮೊದಲು ಇಳಿಸಿದರೆ ತುಪ್ಪ ಹತ್ತೇ ದಿನಕ್ಕೆ ಮುಗ್ಗುತ್ತದೆ; ದಾಟಿದರೆ ಸೀದ ಕಮಟು. ಆ ಗಳಿಗೆ ಕಣ್ಣಿಗೆ ಸಿಕ್ಕುವುದಿಲ್ಲ, ಕಿವಿಗೆ ಸಿಕ್ಕಬೇಕು. ಸದ್ದು ನಿಂತ ಕೂಡಲೇ ಒಂದು ಚೂರು ವೀಳ್ಯದೆಲೆ, ನಾಲ್ಕು ಕಾಳು ಮೆಂತ್ಯ ಹಾಕಿ ಇಳಿಸುತ್ತಿದ್ದಳು. ಬೇರೆ ಹೆಂಗಸರಾಗಿದ್ದರೆ ಬೆರಳಿನ ತುದಿ ಅದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದರು. ಎರ್ರೆಮ್ಮ ಇಟ್ಟುಕೊಳ್ಳುತ್ತಿರಲಿಲ್ಲ. ಹದಿನೈದು ವರ್ಷ ತುಪ್ಪ ಕಾಯಿಸಿದವಳಿಗೆ ತನ್ನ ತುಪ್ಪದ ರುಚಿ ಗೊತ್ತಿರಲಿಲ್ಲ.

ಅದು ಮೀಸಲು ತುಪ್ಪ.

ಅವಳ ತವರು ಮರಿಯಮ್ಮನಹಳ್ಳಿ ಕಡೆಯ ಬೆದ್ದಲು ಸೀಮೆ. ಅಲ್ಲಿ ಹರಕೆ ಹೊತ್ತವರು ಹಸುವಿನ ಬೆಣ್ಣೆಯನ್ನು ಮೀಸಲು ಹಿಡಿಯುತ್ತಿದ್ದರು. ಹಾಲು ಕುಡಿಯಬಹುದು, ಮೊಸರು ಉಣ್ಣಬಹುದು, ಮಜ್ಜಿಗೆಯನ್ನು ಓಣಿಗೆಲ್ಲ ಹಂಚಬಹುದು. ಬೆಣ್ಣೆ ಮಾತ್ರ ದೇವರದು. ಕಾಯಿಸಿದ ತುಪ್ಪವನ್ನು ಮನೆಯವರು ಮೂಸಿಯೂ ನೋಡುವಂತಿಲ್ಲ. ಬೇಡಿದ್ದನ್ನು ದೇವರ ಮುಂದೆ ಒಂದೇ ಸಲ ಹೇಳಬೇಕು. ಮತ್ತೆ ಮತ್ತೆ ಹೇಳಿದರೆ ದೇವರಿಗೆ ಕಿವಿ ಕೇಳುವುದಿಲ್ಲವೆಂದು ಅಂದಂತೆ. ಹರಕೆ ಕೈಗೂಡಿದ ದಿನ ಮೀಸಲು ಮುರಿದು, ತುಪ್ಪವನ್ನು ಮನೆಯವರ ತಟ್ಟೆಗೆ ಬಡಿಸುತ್ತಾರೆ. ಎರ್ರೆಮ್ಮನ ತಾಯಿ ಗಂಡುಮಗು ಬೇಕೆಂದು ಹುಲಿಗೆಮ್ಮನಿಗೆ ಮೂರು ವರ್ಷ ಮೀಸಲು ಹಿಡಿದಿದ್ದಳು. ತಮ್ಮ ಹುಟ್ಟಿದ ಹನ್ನೊಂದನೆಯ ದಿನ ಬಿಸಿ ಮುದ್ದೆಯ ಮೇಲೆ ಬಿದ್ದ ತುಪ್ಪ, ಅದನ್ನು ನೋಡಿ ಅಪ್ಪನ ಮುಖ ಅರಳಿದ್ದು, ಎರ್ರೆಮ್ಮನಿಗೆ ಕಡೆಯತನಕ ನೆನಪಿತ್ತು.

ಮದುವೆಯಾಗಿ ಕಮಲಾಪುರಕ್ಕೆ ಬಂದಾಗ ತವರಿನಿಂದ ಒಂದು ಹಸು ಬಂತು. ಹೆಸರು ಚಂದ್ರಿ. ಗಂಡ ಕೆಂಚಣ್ಣನಿಗೆ ಹೊಲವಿರಲಿಲ್ಲ. ಕಾಲುವೆಯ ಗ್ಯಾಂಗಿನಲ್ಲಿ ದಿನಗೂಲಿ: ಹೂಳು ಎತ್ತುವುದು, ಏರಿಯ ಜಾಲಿ ಕಡಿಯುವುದು, ಬಿರುಕು ಬಿಟ್ಟ ಕಡೆ ಮಣ್ಣು ತುಂಬುವುದು. ಕಾಲುವೆ ಊರಿಗೆಲ್ಲ ಸಿರಿ ತಂದಿತ್ತು. ಜೋಳ ಬೆಳೆಯುತ್ತಿದ್ದವರು ಬತ್ತ, ಕಬ್ಬು, ಬಾಳೆ ಬೆಳೆದು ಮಾಳಿಗೆ ಮನೆ ಕಟ್ಟಿಸಿದರು. ಕಾಲುವೆಯನ್ನು ಕಾಯುವವನ ಮನೆ ಮಾತ್ರ ತಗಡಿನದಾಗಿಯೇ ಉಳಿಯಿತು. ಕೆಲಸವಿದ್ದ ದಿನ ಕೂಲಿ, ಇಲ್ಲದ ದಿನ ಇಲ್ಲ. ಜ್ವರ ಬಂದರೆ ಹಾಜರಿಯಲ್ಲಿ ಹೆಸರಿಲ್ಲ. ಗ್ಯಾಂಗಿನವರಿಗೆಲ್ಲ ಬಾಯಲ್ಲಿ ಒಂದೇ ಮಾತು: ಖಾಯಂ. ಖಾಯಂ ಆದರೆ ತಿಂಗಳ ಸಂಬಳ, ಖಾಕಿ ಅಂಗಿ, ಮುಪ್ಪಿನಲ್ಲಿ ಪಿಂಚಣಿ.

ಅರವತ್ತೊಂಬತ್ತನೆಯ ಇಸವಿ, ಚಂದ್ರಿಯ ಎರಡನೆಯ ಸೂಲು. ಗಂಡನ ಜೊತೆ ಟಿ.ಬಿ. ಡ್ಯಾಮಿಗೆ ಹೋಗಿದ್ದ ಎರ್ರೆಮ್ಮ, ಅವನು ಆಫೀಸಿನ ಮುಂದೆ ಬಟವಾಡೆಗೆ ಕೂತಿದ್ದಾಗ, ಕ್ವಾರ್ಟರ್ಸಿನ ಹಿತ್ತಲಲ್ಲಿ ಕಾಲುವೆಯ ಇಂಜಿನಿಯರ್ ಸಾಹೇಬರ ಹೆಂಡತಿಯನ್ನು ಕಂಡಳು. ಶಾಂತಾಬಾಯಿ ಎಂದು ಹೆಸರು, ಧಾರವಾಡದ ಕಡೆಯವಳು. ಇಲ್ಲಿ ಸಿಗುವುದೆಲ್ಲ ಡಾಲ್ಡಾ ಬೆರೆಸಿದ ತುಪ್ಪ ಎಂದು ಆಕೆ ಆಳಿನ ಮೇಲೆ ರೇಗುತ್ತಿದ್ದಳು. ಮುಂದಿನ ಬಟವಾಡೆಗೆ ಎರ್ರೆಮ್ಮ ಹಿತ್ತಾಳೆಯ ಗಿಂಡಿಯಲ್ಲಿ ತುಪ್ಪ ತೆಗೆದುಕೊಂಡು ಹೋದಳು. ಶಾಂತಾಬಾಯಿ ಮುಚ್ಚಳ ತೆಗೆದು ಮೂಸಿದಳು. ಮುಖ ಸಡಿಲವಾಯಿತು.

"ಎಷ್ಟು ಕೊಡಲಿ?"

"ರೊಕ್ಕ ಬ್ಯಾಡ್ರಿ ಬಾಯಾರ. ನಮ್ಮ ಮನಿಯವರು ಗ್ಯಾಂಗಿನ್ಯಾಗ ಅದಾರ. ಕೆಂಚಣ್ಣ ಅಂತ. ಅವರನ್ನ ಖಾಯಂ ಮಾಡಸ್ರಿ."

"ನಮ್ಮವರಿಗೆ ಹೇಳಿ ನೋಡ್ತೀನವ್ವ."

"ನೀವು ಹೇಳಿದ್ರ ಆತು. ಇನ್ನ ಈ ಹಸುವಿನ ತುಪ್ಪ ನಿಮ್ಮ ಮನಿ ಮೀಸಲು."

ಶಾಂತಾಬಾಯಿಗೆ ಆ ಕೊನೆಯ ಮಾತು ಪೂರ್ತಿ ತಿಳಿಯಲಿಲ್ಲ. ನಕ್ಕು ಗಿಂಡಿ ಬರಿದು ಮಾಡಿಕೊಟ್ಟಳು. ಎರ್ರೆಮ್ಮ ಬಸ್ಸಿನಲ್ಲಿ ಗಂಡನಿಗೆ ಹೇಳಿದಳು: "ಹೇಳಿ ಬಂದೀನಿ. ಇನ್ನ ನೀನು ಯಾರ ಮುಂದೂ ಈ ಮಾತು ಆಡಬ್ಯಾಡ."

ಅಲ್ಲಿಂದ ಆ ಮನೆಯ ಕಾಲ ಸೂಲುಗಳ ಲೆಕ್ಕದಲ್ಲಿ ನಡೆಯಿತು. ಚಂದ್ರಿ ಐದು ಸೂಲು ಕೊಟ್ಟಳು. ಅವಳ ಮಗಳು ಕೆಂದಿ ನಾಲ್ಕು. ಆಮೇಲೆ ಕೆಂದಿಯ ಮಗಳು ಬೋರಿ. ಮೊದಲು ಕೆರೆಯ ಹಿಂದಿನ ಗೋಮಾಳದಲ್ಲಿ ಮೇಯುತ್ತಿದ್ದವು. ಅದು ಬತ್ತದ ಗದ್ದೆಯಾದ ಮೇಲೆ ಎರ್ರೆಮ್ಮ ಬದುವಿನ ಹುಲ್ಲು ಕೊಯ್ದು ತಂದಳು. ಬದುವಿಗೂ ಔಷಧಿ ಹೊಡೆಯತೊಡಗಿದ ಮೇಲೆ ಕಬ್ಬು ಕಡಿಯುವಲ್ಲಿ ಕೂಲಿ ಮಾಡಿ, ಕೂಲಿಯ ಮೇಲೆ ಒಂದು ಹೊರೆ ಕಬ್ಬಿನ ಸೋಗೆ ಕೇಳಿ ತಂದಳು. ಕರುವಿಗೆ ಎರಡು ಮೊಲೆ ಬಿಟ್ಟು, ಚಹಾಕ್ಕೆ ಒಂದು ಲೋಟ ತೆಗೆದು, ಉಳಿದದ್ದನ್ನು ಸಗಣಿ ಕುರುಳಿನ ಸಣ್ಣ ಬೆಂಕಿಯ ಮೇಲೆ ಕೆನೆ ಕೆಂಪಗಾಗುವ ತನಕ ಇಟ್ಟು, ಅತ್ತೆಯ ಕಾಲದಿಂದ ಮುರಿಯದೆ ಬಂದ ಹೆಪ್ಪು ಹಾಕುತ್ತಿದ್ದಳು. ಬೆಳಗಿನ ಜಾವ ಕಡೆದರೆ ಒಂದು ನಿಂಬೆಯ ಗಾತ್ರ ಬೆಣ್ಣೆ. ಅದು ನೀರಿನ ಗಡಿಗೆಗೆ. ತಿಂಗಳಿಗೊಮ್ಮೆ ಕಾಯಿಸಿದರೆ ಗಿಂಡಿ ತುಂಬುತ್ತಿತ್ತು.

ಮಗಳು ಹಂಪಕ್ಕ ಚಿಕ್ಕವಳಿದ್ದಾಗ ಒಲೆಯ ಬಳಿ ಬಂದು ನಿಲ್ಲುತ್ತಿದ್ದಳು. ತುಪ್ಪ ಸೋಸಿದ ಮೇಲೆ ತಳದಲ್ಲಿ ಉಳಿಯುವ ಕೆಂಪು ಗಸಿಗೆ ಬೆಲ್ಲ ಕಲಸಿ ತಿಂದರೆ ಹೇಗಿರುತ್ತದೆಂದು ಬೇರೆ ಮಕ್ಕಳಿಂದ ಕೇಳಿದ್ದಳು.

"ಗಸಿನೂ ಮೀಸಲೇನಬೇ?"

"ಗಸಿ ಬೆಣ್ಣ್ಯಾಗಿಂದ ಬಂತೋ, ನಿಮ್ಮಪ್ಪನ ಅಂಗಿ ಜೇಬಿನ್ಯಾಗಿಂದ ಬಂತೋ?"

ಗಸಿ ಹಸುವಿನ ಬಾನಿಗೆ ಹೋಗುತ್ತಿತ್ತು. ಹಂಪಕ್ಕ ಹದಿನಾರಕ್ಕೆ ಕಂಪ್ಲಿಗೆ ಸೊಸೆಯಾಗಿ ಹೋದಳು. ತವರಿನ ತುಪ್ಪ ತಿನ್ನದೆಯೇ ಹೋದಳು.

ಓಣಿಯ ತಿಪ್ಪಕ್ಕ ತನ್ನ ಎಮ್ಮೆಯ ಹಾಲನ್ನು ಹಂಪಿಯ ಹೋಟೆಲ್ಲಿಗೆ ಕಳಿಸುತ್ತಿದ್ದಳು. ಆಕೆಗೆ ಈ ಮೀಸಲೆಂದರೆ ತಮಾಷೆ. "ಏನಲೇ ಎರ್ರಿ, ನಿನ್ನ ತುಪ್ಪ ತಿಂದು ಡ್ಯಾಮಿನ ಬಾಯಾರು ಬಾಗಲದಾಗ ಹಿಡಿಯಂಗಿಲ್ಲಂತ. ನಿನ್ನ ಗಂಡನ ಎಲುಬು ನಾನು ಇಲ್ಲೇ ಕುಂತು ಎಣಿಸ್ತೀನಿ ನೋಡು."

"ಎಣಿಸು. ನಿನಗೂ ಎಣಿಕಿ ಬಂದಂಗಾಕ್ಕೈತಿ."

"ಯಾವ ದೇವರೇ ಅದು, ಮೂರು ವರ್ಷಕ್ಕೊಮ್ಮೆ ವರ್ಗ ಆಗೋದು?"

ಅದು ನಿಜ. ಶಾಂತಾಬಾಯಿ ಎರಡು ವರ್ಷಕ್ಕೇ ಹೊರಟುಹೋದಳು. ಎರ್ರೆಮ್ಮ ಮುಂದಿನ ತಿಂಗಳು ಅದೇ ಹಿತ್ತಲಿಗೆ ಹೋದಾಗ ಬಾಗಿಲಲ್ಲಿ ಬೇರೆ ಮುಖವಿತ್ತು.

"ಕಮಲಾಪುರದಾಕಿ ರೀ," ಎಂದಳು ಎರ್ರೆಮ್ಮ. "ಹಿಂದಿನ ಬಾಯಾರು ಹೇಳ್ಯಾರಲ್ರಿ?"

"ಹೌದು ಹೌದು, ಎಲ್ಲ ಹೇಳಿ ಹೋಗಿದಾರೆ. ತಾ."

ಎಲ್ಲ ಹೇಳಿದ್ದಾರೆಂದ ಮೇಲೆ ಇನ್ನೇನು. ಗುಡಿಯ ಪೂಜಾರಿ ಬದಲಾದರೆ ಹರಕೆಯನ್ನು ಮತ್ತೆ ಹೊರುತ್ತಾರೆಯೇ? ಮೂರನೆಯಾಕೆ ಬಂದಾಗಲೂ ಅದೇ ಪ್ರಶ್ನೆ, ಅದೇ ಉತ್ತರ. ನಾಲ್ಕನೆಯಾಕೆ ದೀಪಾವಳಿಗೆ ಒಂದು ಹಳೆಯ ಸೀರೆ ಕೊಟ್ಟಳು. ಎರ್ರೆಮ್ಮ ಅದನ್ನು ಉಡದೆ ಮಡಿಚಿಟ್ಟಳು, ಗಂಡ ಖಾಯಂ ಆದ ದಿನ ಉಡಬೇಕೆಂದು.

ಎಪ್ಪತ್ತೇಳರಲ್ಲಿ, ಕೆಂದಿಯ ಎರಡನೆಯ ಸೂಲಿನ ಕಾಲಕ್ಕೆ, ಗ್ಯಾಂಗಿನ ಪಾಲಯ್ಯ ಒಂದು ಸಂಜೆ ಅಂಗಳಕ್ಕೆ ಬಂದ. ಕೆಂಚಣ್ಣನ ಜೊತೆ ಒಂದೇ ದಿನ ಕೆಲಸಕ್ಕೆ ಸೇರಿದವನು.

"ಕೆಂಚಾ, ಹಳೇ ಮಂದಿದೆಲ್ಲ ಅರ್ಜಿ ತಗೊಳ್ಳಾಕತ್ಯಾರ. ಗುಮಾಸ್ತ ಬರಕೊಡ್ತಾನ, ನಾವು ಹೆಬ್ಬಟ್ಟು ಒತ್ತಿದ್ರ ಸಾಕು. ನಾಳೆ ಆಖರಿ. ಬಾ."

ಕೆಂಚಣ್ಣ ಹೆಂಡತಿಯ ಕಡೆ ನೋಡಿದ. ಅವನು ಅಷ್ಟೇ: ಹೆಚ್ಚು ಮಾತಿನವನಲ್ಲ, ಹೆಂಡತಿ ತನಗಿಂತ ಬುದ್ಧಿವಂತೆಯೆಂದು ನಂಬಿದವನು. ಎರ್ರೆಮ್ಮ ಬೆಣ್ಣೆಯ ಗಡಿಗೆಯ ನೀರು ಬದಲಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಒಂದು ಹರಕಿ ಎರಡು ಗುಡಿಗೆ ಕಟ್ಟಂಗಿಲ್ಲ ಪಾಲಣ್ಣ. ನಮ್ಮದು ಸಾಹೇಬ್ರ ಮನಿಗೇ ಮುಟ್ಟೇತಿ. ಈಗ ಅರ್ಜಿ ಕೊಟ್ರ ಅವರ ಮ್ಯಾಲೆ ನಂಬಿಗಿ ಇಲ್ಲ ಅಂದಂಗಾಕ್ಕೈತಿ."

"ಅರ್ಜಿ ದೇವರಲ್ಲವ್ವ, ಅದು ಕಾಗದ."

"ಕಾಗದ ಮಳ್ಯಾಗ ತೊಯ್ದ್ರ ಹೋತು. ತುಪ್ಪ ತೊಯ್ಯಂಗಿಲ್ಲ."

ಪಾಲಯ್ಯ ನಗಲಿಲ್ಲ. ಇನ್ನೊಮ್ಮೆ ಕೆಂಚಣ್ಣನ ಮುಖ ನೋಡಿದ. "ನಿನ್ನ ಇಷ್ಟಪ್ಪ," ಎಂದು ಹೊರಟುಹೋದ. ಎರಡು ವರ್ಷದ ಮೇಲೆ ಅವನೂ ಇನ್ನು ಹನ್ನೊಂದು ಮಂದಿಯೂ ಖಾಯಂ ಆದರು. ಪಾಲಯ್ಯ ಖಾಕಿ ಅಂಗಿ ತೊಟ್ಟು, ಎದೆಗೆ ಹಿತ್ತಾಳೆ ಬಿಲ್ಲೆ ಸಿಕ್ಕಿಸಿಕೊಂಡು ಏರಿಯ ಮೇಲೆ ಸೈಕಲ್ಲಿನಲ್ಲಿ ಹೋಗುವುದನ್ನು ಎರ್ರೆಮ್ಮ ಸೋಗೆಯ ಹೊರೆ ಹೊತ್ತು ನಿಂತು ನೋಡಿದಳು. ಆ ರಾತ್ರಿ ಗಂಡನಿಗೆ ಅವಳೇ ಹೇಳಿದಳು: "ನಮ್ಮವ್ವಗ ಮೂರು ವರ್ಷ ಹಿಡೀತು. ಸಣ್ಣ ಹರಕಿ ಅದು." ಕೆಂಚಣ್ಣ ಹೂಂ ಎಂದ. ಅವಳಿಗೆ ಅನುಮಾನ ಬರಲಿಲ್ಲವೆಂದಲ್ಲ. ಬಂತು. ಆದರೆ ಆಗಲೇ ಹತ್ತು ವರ್ಷದ ತುಪ್ಪ ಆ ಮನೆಗೆ ಹೋಗಿತ್ತು. ಈಗ ನಿಲ್ಲಿಸಿದರೆ ಹತ್ತು ವರ್ಷವೂ ಹೋದಂತೆ. ಹನ್ನೊಂದನೆಯ ವರ್ಷಕ್ಕೆ ಹತ್ತು ವರ್ಷದ ಭಾರ ಕಾರಣ, ಹನ್ನೆರಡಕ್ಕೆ ಹನ್ನೊಂದರದು. ನಿಲ್ಲಿಸುವ ದಿನ ಹೀಗೆ ದೂರವಾಗುತ್ತ ಹೋಯಿತು.

ಎಂಬತ್ನಾಲ್ಕರ ಚಳಿಗಾಲ, ಬೋರಿಯ ಮೊದಲ ಸೂಲು. ಆ ಹೊತ್ತಿಗೆ ಕೆಂಚಣ್ಣನ ಎದೆಯಲ್ಲಿ ಕೆಮ್ಮು ಕೂತಿತ್ತು. ವಾರದಲ್ಲಿ ನಾಲ್ಕು ದಿನ ಕೆಲಸಕ್ಕೆ ಹೋದರೆ ಹೆಚ್ಚು. ಒಂದು ಭಾನುವಾರ ಎರ್ರೆಮ್ಮ ಗಿಂಡಿ ಹಿಡಿದು ಕ್ವಾರ್ಟರ್ಸಿನ ಹಿತ್ತಲಿಗೆ ಹೋದಳು. ಐದನೆಯಾಕೆ ಬಂದು ಎರಡು ತಿಂಗಳಾಗಿತ್ತು. ವಸುಂಧರಾ ಎಂದು ಹೆಸರು. ಮೊದಲು ಶಾಲೆಯಲ್ಲಿ ಪಾಠ ಹೇಳಿದವಳು. ಗಿಂಡಿ ಕೈಗೆ ತೆಗೆದುಕೊಳ್ಳಲಿಲ್ಲ.

"ಕೂತ್ಕೋಮ್ಮ. ನಮ್ಮ ಯಜಮಾನ್ರಿಗೆ ಡಾಕ್ಟರು ತುಪ್ಪ ಮುಟ್ಟಬಾರದು ಅಂದಿದಾರೆ. ಇನ್ಮೇಲೆ ತರಬೇಡ. ಕಳೆದ ಸಲದ್ದಕ್ಕೆ ಎಷ್ಟಾಯಿತು ಹೇಳು, ಕೊಟ್ಟುಬಿಡ್ತೀನಿ."

"ಇದಕ್ಕ ರೊಕ್ಕ ಇಲ್ರಿ ಬಾಯಾರ. ಇದು ಮೀಸಲು."

"ಗೊತ್ತು. ಕಾಲುವೆ ನೀರು ಬಂದಿದ್ದಕ್ಕೆ ನಿಮ್ಮೂರವರು ಪ್ರೀತಿಯಿಂದ ಕೊಡೋದು ಅಂತ ಹೇಳಿದ್ರು. ನನಗೆ ಹಾಗೆ ತಗೊಳ್ಳೋಕೆ ಇಷ್ಟವಿಲ್ಲ."

ಎರ್ರೆಮ್ಮ ಕೂತಲ್ಲಿಂದ ಎದ್ದು ನಿಂತಳು.

"ಯಾರು ಹೇಳಿದ್ರು ರೀ ಹಂಗಂತ?"

"ಹಿಂದೆ ಇದ್ದವರು. ಹೋಗುವಾಗ ಎಲ್ಲ ಹೇಳಿದ್ರು. ಅಗಸ ಮಂಗಳವಾರ ಬರ್ತಾನೆ, ನಲ್ಲಿ ಐದು ಗಂಟೆಗೆ, ತಿಂಗಳಿಗೊಮ್ಮೆ ಕಮಲಾಪುರದ ತುಪ್ಪ. ಅವರಿಗೆ ಅವರ ಹಿಂದಿನವರು ಹೇಳಿದ್ದಂತೆ."

"ಕೆಂಚಣ್ಣನ ಹೆಸರು ಹೇಳ್ಲಿಲ್ಲೇನ್ರಿ?"

"ಯಾರು ಕೆಂಚಣ್ಣ?"

ಆಗ ಎರ್ರೆಮ್ಮ, ಹದಿನೈದು ವರ್ಷದ ಮೇಲೆ, ಹರಕೆಯನ್ನು ಎರಡನೆಯ ಸಲ ಬಾಯಿಬಿಟ್ಟು ಹೇಳಿದಳು. ಹೇಳುವಾಗ ಅದು ಬಹಳ ಸಣ್ಣದೆನಿಸಿತು. ನಾಲ್ಕು ಮಾತಿಗೆ ಮುಗಿದುಹೋಯಿತು. ವಸುಂಧರಾ ಕೇಳಿಸಿಕೊಂಡು ಒಳಗೆ ಹೋದಳು. ಸಾಹೇಬರು ಬನಿಯನ್ನಿನಲ್ಲೇ ಹೊರಗೆ ಬಂದರು. ಒಳ್ಳೆಯ ಮನುಷ್ಯ, ಗದರಲಿಲ್ಲ.

"ಯಾವ ವರ್ಷದಿಂದ ಕೆಲಸಕ್ಕಿದಾನೆ?"

"ಅರವತ್ತೈದ್ರಿಂದ್ರಿ."

"ಎಪ್ಪತ್ತೇಳರಲ್ಲಿ ಅರ್ಜಿ ಕೊಟ್ಟಿದ್ನಾ?"

ಅವಳು ಇಲ್ಲವೆಂದು ತಲೆ ಆಡಿಸಿದಳು.

"ಕೊಟ್ಟಿದ್ದರೆ ಮೊದಲನೇ ಪಟ್ಟಿಯಲ್ಲೇ ಆಗ್ತಿತ್ತು. ಅಷ್ಟು ಸರ್ವಿಸ್ ಇದ್ದವರನ್ನ ಒಬ್ಬರನ್ನೂ ಬಿಟ್ಟಿಲ್ಲ. ಈಗ ಆ ಪಟ್ಟಿ ಮುಚ್ಚಿ ಐದು ವರ್ಷ ಆಯ್ತು. ಇನ್ನು ಕಾಲುವೆ ಕೆಲಸ ಎಲ್ಲ ಕಂತ್ರಾಟಿಗೆ ಹೋಗುತ್ತೆ. ನನ್ನ ಕೈಯಲ್ಲಿ ಏನೂ ಇಲ್ಲಮ್ಮ." ಸ್ವಲ್ಪ ತಡೆದು ಕೇಳಿದರು: "ಯಾಕೆ ಕೊಡಲಿಲ್ಲ ಅರ್ಜಿ?"

ಎರ್ರೆಮ್ಮ ಸೆರಗು ಹೊದ್ದುಕೊಂಡು ಹೊರಟಳು. ವಸುಂಧರಾ ತುಂಬಿದ ಗಿಂಡಿಯನ್ನು ಅವಳ ಕೈಗಿಟ್ಟು, ಮೇಲೆ ಎರಡು ಬಾಳೆಹಣ್ಣು ಇಟ್ಟಳು.

ದಾರಿಯಲ್ಲಿ ಅವಳಿಗೆ ಅಳು ಬರಲಿಲ್ಲ. ಚಿಂತೆ ಗಿಂಡಿಯದಾಗಿತ್ತು. ಮೀಸಲು ಹಿಂದಕ್ಕೆ ಬಂದದ್ದನ್ನು ಅವಳು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಹೊಳೆಯ ಆಚೆ ದಡದಲ್ಲೇ ಹುಲಿಗೆಮ್ಮನಿದ್ದಾಳೆ. ಅಲ್ಲಿಯ ದೀಪಕ್ಕೆ ಸುರಿದು ಬರಬಹುದಿತ್ತು. ಆದರೆ ಒಬ್ಬರ ಹೆಸರಿನದನ್ನು ಇನ್ನೊಬ್ಬರಿಗೆ ಹೇಗೆ ಕೊಡುವುದು? ಮಾರುವಂತಿಲ್ಲ. ಚೆಲ್ಲುವಂತಿಲ್ಲ. ಹೊಸಪೇಟೆಯಲ್ಲಿ ಬಸ್ಸು ಬದಲಿಸಿ, ಗಿಂಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಬ್ಬಿನ ಗದ್ದೆಗಳ ನಡುವೆ ಊರಿಗೆ ಬಂದಳು.

ಕೆಂಚಣ್ಣ ಬಾಗಿಲಲ್ಲಿ ಬಿಸಿಲು ಕಾಯುತ್ತ ಕೂತಿದ್ದ. ಅನ್ನ, ಬೇಳೆಕಟ್ಟು ಮಾಡಿ ಹೋಗಿದ್ದಳು. ಬಿಸಿ ಮಾಡಿ ತಟ್ಟೆಗೆ ಬಡಿಸಿದಳು. ಆಮೇಲೆ ಗಿಂಡಿಯ ಮುಚ್ಚಳ ತೆಗೆದು, ಸೌಟು ಅದ್ದಿ, ಅನ್ನದ ಮೇಲೆ ತುಪ್ಪ ಹಾಕಿದಳು. ಅವನಿಗೆ ಏನೆನಿಸೀತು ಎಂದು ಅವಳು ಯೋಚಿಸಿರಲಿಲ್ಲ. ಕೆಮ್ಮಿನವನಿಗೆ ಒಂದು ತುತ್ತು ಜಿಡ್ಡು ಸೇರಲಿ, ಅಷ್ಟೇ ತಲೆಯಲ್ಲಿದ್ದದ್ದು.

ತುತ್ತು ಕಲಸಲು ಹೋದ ಕೈ ಅಲ್ಲೇ ನಿಂತಿತು. ಅವನು ತಲೆ ಎತ್ತಿದ. ಮೂವತ್ತು ವರ್ಷದ ಹಿಂದೆ, ತಮ್ಮ ಹುಟ್ಟಿದಾಗ, ಅಪ್ಪನ ಮುಖದಲ್ಲಿ ಕಂಡದ್ದನ್ನು ಎರ್ರೆಮ್ಮ ಆ ಕೆಮ್ಮಿ ಸೊರಗಿದ ಮುಖದಲ್ಲಿ ಕಂಡಳು.

"ಆತೇನು?"

"ಇಲ್ಲ."

ಆ ಮುಖ ಆರುವುದನ್ನು ಅವಳು ಪೂರ್ತಿ ನೋಡಿದಳು; ಕಣ್ಣು ತೆಗೆಯಲಿಲ್ಲ. ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು. ಅಗಸ, ನಲ್ಲಿ, ತುಪ್ಪ ಎಂದು ಒಬ್ಬರಿಂದೊಬ್ಬರಿಗೆ ಹೋದದ್ದು, ಅವನ ಹೆಸರು ಮಾತ್ರ ಹೋಗದಿದ್ದದ್ದು, ಪಟ್ಟಿ ಮುಚ್ಚಿದ್ದು. ಯಾವುದನ್ನೂ ಮೆತ್ತಗೆ ಮಾಡಲಿಲ್ಲ.

"ಪಾಲಯ್ಯ ಬಂದಿದ್ನಲ್ಲ, ಅವತ್ತು," ಎಂದ ಕೆಂಚಣ್ಣ.

"ಹೂಂ."

"ಕರದಿದ್ದ."

"ನಾನು ಬ್ಯಾಡಂದೆ."

"ಹೌದು," ಎಂದ ಕೆಂಚಣ್ಣ. ಬೈಯಲಿಲ್ಲ. ಅವಳು ಬೈಗುಳಕ್ಕೆ ಕಾದಳು, ಬಂದಿದ್ದರೆ ಹಗುರಾಗುತ್ತಿತ್ತೇನೋ. ಅವನು ಅನ್ನ ಕಲಸಿ ಉಣ್ಣತೊಡಗಿದ. ತಟ್ಟೆ ಬಳಿದು ಉಂಡ. "ಚಲೋ ಐತಿ," ಎಂದು ಕೈ ತೊಳೆದ. "ನೀನೂ ಉಣ್ಣು."

ಅವನು ಹೊರಗೆ ಹೋದ ಮೇಲೆ ಎರ್ರೆಮ್ಮ ಅದೇ ತಟ್ಟೆಗೆ ಅನ್ನ ಹಾಕಿಕೊಂಡು ತುಪ್ಪ ಬಿಟ್ಟುಕೊಂಡಳು. ಮೊದಲ ತುತ್ತಿಗೇ ತಿಳಿಯಿತು. ತುಪ್ಪಕ್ಕೆ ಸಣ್ಣ ಕಮಟು ಇತ್ತು. ಹೆಚ್ಚಲ್ಲ, ಗೊತ್ತಿದ್ದವರಿಗೆ ಮಾತ್ರ ತಿಳಿಯುವಷ್ಟು. ಸದ್ದು ಪೂರ್ತಿ ನಿಂತ ಮೇಲೆ ಎಲೆ ಹಾಕುವುದಲ್ಲ, ನಿಲ್ಲುತ್ತಿರುವಾಗಲೇ ಹಾಕಿ ಇಳಿಸಬೇಕಾಗಿತ್ತು. ಇದೊಂದು ಸಲದ ತಪ್ಪೋ, ಹದಿನೈದು ವರ್ಷವೂ ಹೀಗೆಯೋ, ಹೇಳುವವರು ಯಾರೂ ಇರಲಿಲ್ಲ. ತಿಂದವರು ಹೇಳಿರಲಿಲ್ಲ. ಅವಳು ಉಂಡು ಮುಗಿಸಿದಳು.

ಮರುದಿನ ಬೆಳಿಗ್ಗೆ ಕೆಂಚಣ್ಣ ಸಲಿಕೆ ಹೆಗಲಿಗಿಟ್ಟು ಕಾಲುವೆಗೆ ಹೋದ. ಎರ್ರೆಮ್ಮ ಹಾಲು ಕರೆದು, ತಂಬಿಗೆಯನ್ನು ಹಾಗೆಯೇ ತಿಪ್ಪಕ್ಕನ ಮನೆಗೆ ಒಯ್ದಳು.

"ಹೋಟೆಲ್ಲಿಗೆ ಇದನ್ನೂ ಸೇರಿಸಿ ಕಳಸು."

ತಿಪ್ಪಕ್ಕ ತಂಬಿಗೆ ನೋಡಿದಳು, ಇವಳ ಮುಖ ನೋಡಿದಳು. ನಾಲಿಗೆಯ ತುದಿಗೆ ಬಂದ ಮಾತನ್ನು ಅಂದು ಮೊದಲ ಸಲ ನುಂಗಿಕೊಂಡಳು.

"ಎಲ್ಲಾ ತಂದಿಯಲ್ಲೇ. ಹೆಪ್ಪಿಗೆ ಒಂದು ಲೋಟ ಇಟ್ಟುಕೋ. ನಿಮ್ಮತ್ತಿ ಕಾಲದ ಹೆಪ್ಪದು, ಹೋದ್ರ ಬರಂಗಿಲ್ಲ."

"ಬ್ಯಾಡ," ಎಂದಳು ಎರ್ರೆಮ್ಮ.